ಬೀಗರ ಅಂಗಡಿಯ ಬ್ಯಾಟರಿ

ನಮ್ಮ ಕಡೆ ಹೆಣ್ಣು ಕೊಟ್ಟವರು ಬೀಗರ ಮುಂದೆ ಮನುಷ್ಯರಾಗಿ ಉಳಿಯುವುದಿಲ್ಲ. ಅವರ ಊಟ, ಅವರ ಹಲ್ಲುನೋವು, ಅವರ ಕಾರಿನ ಡ್ರೈವರನ ಚಹಾ, ಎಲ್ಲವನ್ನೂ ವಿಚಾರಿಸಿಕೊಂಡು ಓಡಾಡುವ ಒಂದು ಬಗೆಯ ಪ್ರಾಣಿಗಳಾಗುತ್ತೇವೆ. ನಾನು ಬೀದರಿನ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಅಳೆದು ನೋಡದೆ ಏನನ್ನೂ ಒಪ್ಪಬೇಡಿ ಎಂದು ಮಕ್ಕಳ ತಲೆ ತಿಂದವಳು. ಅಂಥ ನಾನು ಬೀಗರು ತಂದ ನಾಲ್ಕು ಬ್ಯಾಟರಿಗಳನ್ನು ಅಳೆಯುವುದು ಹಾಗಿರಲಿ, ಮುಚ್ಚಳ ತೆಗೆದೂ ನೋಡದೆ, ಅವಕ್ಕೆ ವಿಭೂತಿ ಹಚ್ಚಿ ಆರತಿ ಎತ್ತಿದೆ. ನೆನೆದರೆ ಈಗಲೂ ಹೇಸಿಗೆಯಾಗುತ್ತದೆ. ಬೀಗರ ಮೇಲೆ ಎಷ್ಟೋ ನನ್ನ ಮೇಲೂ ಅಷ್ಟೇ.

ನಮ್ಮ ಮಾಳಿಗೆಯ ಮೇಲೆ ಸೋಲಾರ್ ಮೊದಲೇ ಇತ್ತು, ಬ್ಯಾಟರಿ ಇರಲಿಲ್ಲ. ಹಗಲು ಹುಟ್ಟಿದ ಕರೆಂಟು ಮನೆಗೆ ಸಾಕಾಗಿ ಮಿಕ್ಕಿದ್ದು ಬೀದಿಯ ಲೈನಿಗೆ ಹೋಗುತ್ತಿತ್ತು. ಇಂಥ ಸೋಲಾರಿನದು ಒಂದು ವಿಚಿತ್ರ. ಲೈನಿನ ಕರೆಂಟು ಹೋದರೆ ಅದೂ ತಾನಾಗಿ ಬಂದ್ ಆಗುತ್ತದೆ. ಕಂಬ ಹತ್ತಿ ತಂತಿ ಮುಟ್ಟುವ ಲೈನ್‌ಮನ್‌ನನ್ನು ನಮ್ಮ ಮನೆಯ ಕರೆಂಟು ಕೊಲ್ಲಬಾರದಲ್ಲ, ಅದಕ್ಕೆ. ಕಾರಣ ನನಗೆ ಗೊತ್ತಿತ್ತು, ಓಣಿಯವರಿಗೆ ಗೊತ್ತಿರಲಿಲ್ಲ. ಮಾಳಿಗೆಯ ಮೇಲೆ ಬರಿಗಾಲಿಡಲು ಬಾರದಷ್ಟು ಬಿಸಿಲು, ಕೆಳಗೆ ನಮ್ಮ ಫ್ಯಾನು ನಿಂತಿರುತ್ತಿತ್ತು. ಅವರು ನಗುತ್ತಿದ್ದರು. ನಗಲಿ ಎಂದು ಬಿಟ್ಟಿದ್ದೆ.

ನನ್ನ ಗಂಡನ ಶ್ವಾಸಕೋಶ ಕೆಟ್ಟಮೇಲೆ ಹಾಗೆ ಬಿಡಲು ಆಗಲಿಲ್ಲ. ಅವರು ಕೃಷಿ ಇಲಾಖೆಯಲ್ಲಿದ್ದವರು, ಹಳ್ಳಿ ಹಳ್ಳಿ ತಿರುಗಿ ತೊಗರಿಯ ಹುಳದ ಬಗ್ಗೆ ತಾಸುಗಟ್ಟಲೆ ಭಾಷಣ ಮಾಡುತ್ತಿದ್ದವರು. ಕೊರೊನಾ ಅವರನ್ನು ಬಿಟ್ಟು ಹೋಗುವಾಗ ಉಸಿರನ್ನು ಅರ್ಧ ಕಿತ್ತುಕೊಂಡು ಹೋಯಿತು. ಈಗ ಮಂಚದ ಪಕ್ಕ ಒಂದು ಮಷಿನ್ ಇದೆ. ಗಾಳಿಯನ್ನು ಎಳೆದುಕೊಂಡು ಅದರಿಂದ ಆಕ್ಸಿಜನ್ ಸೋಸಿ ನಳಿಕೆಯಲ್ಲಿ ಅವರ ಮೂಗಿಗೆ ಬಿಡುತ್ತದೆ. ಅದು ಕರೆಂಟಿನ ಮೇಲೆ ನಡೆಯುತ್ತದೆ. ಕರೆಂಟು ಹೋದರೆ ಐದು ನಿಮಿಷದಲ್ಲಿ ಅವರ ತುಟಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಒಂದು ಸಣ್ಣ ಸಿಲಿಂಡರು ಇಟ್ಟುಕೊಂಡಿದ್ದೆವು, ಆದರೆ ಅದು ಖಾಲಿಯಾಗುವುದರೊಳಗೆ ಕರೆಂಟು ಬರುತ್ತದೆ ಎಂದು ಯಾರು ಹೇಳಬೇಕು? ಆದ್ದರಿಂದ ಸೋಲಾರಿಗೆ ಬ್ಯಾಟರಿ ಸೇರಿಸಲೇಬೇಕಾಯಿತು. ಹಳೆಯ ಇನ್ವರ್ಟರ್ ತೆಗೆದು ಬ್ಯಾಟರಿಗೆ ಹೊಂದುವ ಹೊಸದು, ಜತೆಗೆ ಬ್ಯಾಟರಿಗಳು. ಇಷ್ಟೇ ಕೆಲಸ.

ಬೀದರಿನಲ್ಲಿಯೇ ಒಂದು ಅಂಗಡಿಗೆ ಹೋಗಿ ವಿಚಾರಿಸಿ ಬಂದೆ. ಅದೇ ನನ್ನ ತಪ್ಪಾಯಿತು. ನಮ್ಮ ಒಬ್ಬಳೇ ಮಗಳನ್ನು ಭಾಲ್ಕಿಗೆ ಕೊಟ್ಟಿದ್ದೇವೆ. ಅವಳ ಮಾವನದು ಅಲ್ಲಿ ಸೋಲಾರ್, ಇನ್ವರ್ಟರ್, ಬ್ಯಾಟರಿಗಳದೇ ಅಂಗಡಿ. ನಾನು ಬೇರೆ ಕಡೆ ಕೇಳಿದ ಸುದ್ದಿ ಎರಡೇ ದಿನದಲ್ಲಿ ಅಲ್ಲಿಗೆ ಮುಟ್ಟಿತ್ತು. ವಾರದೊಳಗೆ ಮಗಳು ಫೋನು ಮಾಡಿದಳು. ದನಿ ತಗ್ಗಿಸಿ ಮಾತಾಡುತ್ತಿದ್ದಳು.

“ಅವ್ವ, ನೀ ಬ್ಯಾರೆ ಅಂಗಡಿಗಿ ಹೋಗಿದ್ದೇನು?”

“ಬರೇ ಕೇಳ್ಲಿಕ್ಕೆ ಹೋಗಿದ್ದೆ.”

“ಇಲ್ಲಿ ನನ್ನ ಸಂಗಟ ಯಾರೂ ಮಾತಾಡ್ಲತ್ತಿಲ್ಲ. ಬುಟ್ಟ್ಯಾಗ ರೊಟ್ಟಿ ಇಟ್ಟು ಎದ್ದು ಹೋಗ್ತಾರ. ನಾಲ್ಕು ದಿನ ಆಯ್ತು.”

ಆ ಮನೆಯಲ್ಲಿ ಹೊಡೆಯುವುದಿಲ್ಲ, ಬಯ್ಯುವುದೂ ಇಲ್ಲ. ಮಾತು ನಿಲ್ಲಿಸುತ್ತಾರೆ, ಅಷ್ಟೇ. ಮಾವ, ಅತ್ತೆ, ಗಂಡ, ಮೈದುನ, ನಾಲ್ವರೂ ಒಟ್ಟಿಗೆ. ನನ್ನ ಮಗಳು ಆ ಮನೆಯಲ್ಲಿ ಇದ್ದೂ ಇಲ್ಲದವಳಂತೆ ಅಡಿಗೆ ಮಾಡಿ, ಬಟ್ಟೆ ಒಗೆದು, ಗೋಡೆಗಳ ಜತೆ ದಿನ ಕಳೆಯಬೇಕು. ಮೊದಲೊಮ್ಮೆ ನಾನು ಬೀಗರ ಮನೆಯ ಮದುವೆಗೆ ಒಂದು ದಿನ ತಡವಾಗಿ ಹೋದದ್ದಕ್ಕೆ ಹದಿನೈದು ದಿನ ಹೀಗೆ ಮಾಡಿದ್ದರು. ಗಂಡ ಎನಿಸಿಕೊಂಡವನೂ ಅವರ ಜತೆಗೇ. ಓದಿದ ಹುಡುಗ ಎಂದು ಕೊಟ್ಟಿದ್ದೆವು!

ಆವತ್ತೇ ಬೀಗರಿಗೆ ಫೋನು ಮಾಡಿದೆ. “ನಿಮ್ಮ ಬಿಟ್ಟು ಯಾರರೆ ಅದಾರೇನ್ರಿ ನಮಗ?” ಎಂದೆ. ಆ ಮಾತು ಆಡುವಾಗ ನನ್ನ ಬಾಯಲ್ಲಿ ಜೇನು ಸುರಿಯುತ್ತಿತ್ತು. ಎಲ್ಲಿಂದ ಬಂತೋ ಆ ಜೇನು, ನನಗೇ ಗೊತ್ತಿಲ್ಲ. “ಫಿಕರ್ ಮಾಡಬ್ಯಾಡ್ರಿ ಬೀಗತೇರ. ನಮ್ಮ ಬೀಗರ ಉಸುರು ನಮ್ಮ ಉಸುರು ಇದ್ದಂಗ” ಎಂದು ಅವರು ನಕ್ಕರು.

ಬೇಸಗೆಯ ಒಂದು ದಿನ ಬೀಗ, ಬೀಗತಿ ಕಾರಿನಲ್ಲಿ ಬಂದರು. ಹಿಂದೆ ಒಂದು ಸಣ್ಣ ಟೆಂಪೋದಲ್ಲಿ ಇಬ್ಬರು ಕೆಲಸದವರು, ಇನ್ವರ್ಟರ್, ನಾಲ್ಕು ಬ್ಯಾಟರಿ. ಬೇರೆ ಯಾರಾದರೂ ಮೆಕ್ಯಾನಿಕ್ ಬಂದಿದ್ದರೆ ಒಂದು ಲೋಟ ಚಹಾ ಕೊಟ್ಟು ಅವನ ತಲೆಯ ಮೇಲೆಯೇ ನಿಂತಿರುತ್ತಿದ್ದೆ. ಬಂದವರು ಬೀಗರು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೂರಣ ರುಬ್ಬಿದ್ದೆ. ಹೋಳಿಗೆ, ತುಪ್ಪ, ಮಾವಿನ ಸೀಕರಣೆ, ಕಟ್ಟಿನ ಸಾರು, ಎರಡು ಬಗೆಯ ಪಲ್ಯ. ಹೊರಗೆ ಪಡಸಾಲೆಯಲ್ಲಿ ಬ್ಯಾಟರಿ ಇಳಿಸುವ ಸದ್ದು ಕೇಳಿದಾಗಲೆಲ್ಲ ಒಲೆ ಬಿಟ್ಟು ಓಡಿ ಬರುತ್ತಿದ್ದೆ. ಬೀಗರು ಕುರ್ಚಿಯಲ್ಲಿ ಕಾಲು ಚಾಚಿ ಕೂತು ಕೈ ಅಡ್ಡ ಹಿಡಿಯುತ್ತಿದ್ದರು.

“ನೀವ್ಯಾಕ ಬಂದ್ರಿ ಬೀಗತೇರ? ನಾವೇನು ಹೊರಗಿನೋರೇನ್ರಿ, ನಿಂತು ನೋಡ್ಲಿಕ್ಕೆ?”

ನನ್ನ ಹತ್ತಿರ ಹೈಡ್ರೋಮೀಟರ್ ಇತ್ತು. ಗಾಜಿನ ಕೊಳವೆ, ತುದಿಗೆ ರಬ್ಬರಿನ ಬಲ್ಬು. ಬ್ಯಾಟರಿಯ ಒಳಗಿನ ಆಸಿಡ್ ನೀರನ್ನು ಅದರಲ್ಲಿ ಎಳೆದರೆ ಒಳಗಿನ ಗುಂಡು ಎಷ್ಟು ತೇಲುತ್ತದೆ ಎಂಬುದರ ಮೇಲೆ ಬ್ಯಾಟರಿಯ ಜೀವ ತಿಳಿಯುತ್ತದೆ. ಶಾಲೆಯಲ್ಲಿ ನೂರಾರು ಸಲ ಮಾಡಿ ತೋರಿಸಿದ ಪ್ರಯೋಗ, ಎರಡು ನಿಮಿಷದ ಕೆಲಸ. ಅದನ್ನು ಕಪಾಟಿನಿಂದ ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡು ಬಾಗಿಲವರೆಗೆ ಬಂದೆ. ಬೀಗತಿ ನನ್ನ ಕೈಯನ್ನೇ ನೋಡುತ್ತಿದ್ದಳು. ಬೀಗರು ತಂದ ಮಾಲನ್ನು ಬೀಗರ ಕಣ್ಣ ಮುಂದೆ ಪರೀಕ್ಷೆ ಮಾಡುವುದೆಂದರೆ ಅವರ ಮುಖಕ್ಕೆ ಕಳ್ಳರು ಎಂದು ಬರೆದಂತೆ. ಸಂಜೆ ಅವರು ಭಾಲ್ಕಿಗೆ ಹೋಗಿ ಮುಟ್ಟುತ್ತಾರೆ, ಅಲ್ಲಿ ನನ್ನ ಮಗಳು ಇರುತ್ತಾಳೆ. ವಾಪಸು ಹೋಗಿ ಹೈಡ್ರೋಮೀಟರನ್ನು ಸೀರೆಗಳ ಅಡಿಯಲ್ಲಿ ತುರುಕಿದೆ.

ಊಟವಾಯಿತು. ಬೀಗರು ಆರು ಹೋಳಿಗೆ ತಿಂದು, ತಟ್ಟೆಯಲ್ಲೇ ಕೈ ತೊಳೆದು, ಬಾಯಿ ಮುಕ್ಕಳಿಸಿ ಅದರಲ್ಲೇ ಉಗಿದರು. ಸೀಕರಣೆಯ ಹಳದಿ ಮೇಲೆ ತೇಲುತ್ತಿತ್ತು. ಆ ತಟ್ಟೆಯನ್ನು ಎರಡು ಕೈಯಿಂದ ಎತ್ತಿಕೊಂಡು ಹೋದವಳು ನಾನೇ. ಆಮೇಲೆ ಬ್ಯಾಟರಿಗೆ ಪೂಜೆ, ಬೀಗರಿಗೆ ಆಹೇರಿ ಎಂದು ಉಡುಗೊರೆಯ ಬಟ್ಟೆ, ಬೀಗತಿಗೆ ಸೀರೆ. “ಕರೆಂಟು ಹೋದ್ರ ಎಂಟು ತಾಸು ಆರಾಮ ನಡೀತದ” ಎಂದು ಹೇಳಿ ಹೋದರು. ಹಣ ಎಣಿಸಿಕೊಂಡರು, ಬಿಲ್ಲು ಕೊಡಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಬೇಸಗೆಯಲ್ಲಿ ಏನೂ ಗೊತ್ತಾಗಲಿಲ್ಲ. ಕರೆಂಟು ಹೋಗುತ್ತಿದ್ದದ್ದು ಹಗಲಿಗೆ. ಹೊಸ ಇನ್ವರ್ಟರ್ ಇದ್ದುದರಿಂದ ಬಿಸಿಲೇ ನೇರವಾಗಿ ಮಷಿನ್ ನಡೆಸುತ್ತಿತ್ತು. ಗೊತ್ತಾದದ್ದು ಮೃಗಶಿರದ ಮೊದಲ ಗಾಳಿಮಳೆಗೆ. ದೀಪ ಹಚ್ಚುವ ಹೊತ್ತು. ಓಣಿಯ ತುದಿಯ ಬೇವಿನ ಮರ ತಂತಿಯ ಮೇಲೆ ಬಿತ್ತು. ಊರೆಲ್ಲ ಕತ್ತಲೆ, ನಮ್ಮ ಮನೆಯಲ್ಲಿ ಮಾತ್ರ ಮಷಿನ್ ಗುರುಗುಡುತ್ತಿತ್ತು. ನಾನು ನಿಶ್ಚಿಂತೆಯಿಂದ ರೊಟ್ಟಿ ತಟ್ಟುತ್ತಿದ್ದೆ. ನಲವತ್ತು ನಿಮಿಷಕ್ಕೆ ಇನ್ವರ್ಟರ್ ಕೂಗಿಕೊಂಡಿತು. ಎರಡು ಸಲ ಕೂಗಿ ನಿಂತಿತು.

ಓಡಿಹೋದೆ. ಗಂಡ ಮಂಚದ ಅಂಚಿನಲ್ಲಿ ಎರಡೂ ಕೈಯೂರಿ ಕೂತು ಬಾಯಿ ತೆರೆದಿದ್ದರು. ಸಿಲಿಂಡರಿನ ಚಾವಿ ತಿರುಗಿಸಬೇಕು, ನನ್ನ ಕೈಗೆ ಹಿಟ್ಟು ಮೆತ್ತಿಕೊಂಡಿತ್ತು, ಚಾವಿ ಜಾರುತ್ತಿತ್ತು. ಸೆರಗಿನಿಂದ ಕೈ ಒರೆಸಿಕೊಂಡು ತಿರುಗಿಸಿದೆ, ಮತ್ತೆ ಜಾರಿತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು, ಅದಕ್ಕೆ ಉಸಿರೆಲ್ಲಿತ್ತು? ಮೂರನೆಯ ಸಲಕ್ಕೆ ಗಾಳಿ ಸುಂಯ್ ಎಂದಿತು. ಲೈನಿನ ಕರೆಂಟು ಬರುವವರೆಗೆ ಸಿಲಿಂಡರು ಸಾಕಾಯಿತು. ಅದು ನಮ್ಮ ಪುಣ್ಯ, ನನ್ನ ಜಾಣತನವಲ್ಲ.

ಬೆಳಗಾದ ಮೇಲೆ ಹೈಡ್ರೋಮೀಟರ್ ತೆಗೆದೆ. ನಾಲ್ಕು ಬ್ಯಾಟರಿಗಳಲ್ಲಿ ಮೂರರ ನೀರಿನಲ್ಲಿ ಗುಂಡು ಮೇಲೇಳಲೇ ಇಲ್ಲ. ನೀರು ಕಂದು ಬಣ್ಣಕ್ಕೆ ತಿರುಗಿತ್ತು, ತಳದಲ್ಲಿ ಕೆಸರು. ಮುಚ್ಚಳ ತೆಗೆದಾಗ ಬಂದ ವಾಸನೆಗೆ ಸೆರಗನ್ನು ಮೂಗಿಗೆ ಹಿಡಿದೆ. ಡಬ್ಬಿಯ ಮೇಲಿನ ಹೊಳೆಯುವ ಸ್ಟಿಕರನ್ನು ಉಗುರಿನಿಂದ ಕೆರೆದರೆ ಕೆಳಗೆ ಇನ್ನೊಂದು ಸ್ಟಿಕರು, ಮಾಸಿದ್ದು. ವರ್ಷಗಟ್ಟಲೆ ಯಾರ ಮನೆಯಲ್ಲೋ ದುಡಿದು ಸತ್ತ ಬ್ಯಾಟರಿಗಳು. ತೊಳೆದು, ಒರೆಸಿ, ನಮ್ಮ ಮನೆಗೆ ಸಾಗಿಸಿದ್ದರು.

ಗಂಡನಿಗೆ ಹೇಳಿದೆ. ಅವರು ಮೂರು ಮಾತಿಗೊಮ್ಮೆ ಉಸಿರು ತೆಗೆದುಕೊಂಡರು. “ಫೋನ್ ಮಾಡು. ಹೇಳು. ಇದ್ದದ್ದು ಹೇಳು.”

ಮಾಡಿದೆ. ಬೀಗತಿ ಎತ್ತಿದಳು. ಹಿಂದೆ ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ಕೇಳುತ್ತಿತ್ತು. ಅದು ನನ್ನ ಮಗಳೇ. “ಹ್ಯಾಂಗ ನಡೀಲತ್ತದ್ರಿ ನಮ್ಮ ಬ್ಯಾಟರಿ?” ಎಂದಳು ಬೀಗತಿ. “ಚಲೋ ನಡೀಲತ್ತದ್ರಿ” ಎಂದೆ. ಆಮೇಲೆ ಮಳೆಯ ಮಾತಾಡಿದೆವು, ಸೊಯಾ ಬಿತ್ತನೆಯ ಮಾತಾಡಿದೆವು. ಫೋನು ಇಟ್ಟು ತಿರುಗಿದರೆ ಗಂಡ ಗೋಡೆಯ ಕಡೆ ಮುಖ ಮಾಡಿದ್ದರು.

ಇದ್ದಬದ್ದದ್ದನ್ನು ಹೊಂದಿಸಿ ಬೀದರಿನ ಅಂಗಡಿಯಿಂದ ಲಿಥಿಯಂ ಬ್ಯಾಟರಿ ತಂದೆ. ಗೋಡೆಗೆ ಸಿಕ್ಕಿಸುವ ಸಪೂರ ಡಬ್ಬಿ. ಅದನ್ನು ಒಳಕೋಣೆಯಲ್ಲಿ, ಬಟ್ಟೆಯ ಕಪಾಟಿನ ಮಗ್ಗುಲಿಗೆ ಹಾಕಿಸಿ, ವೈರನ್ನು ಗೋಡೆಯಲ್ಲಿ ತೂರಿಸಿ ಪಡಸಾಲೆಯ ಇನ್ವರ್ಟರಿಗೆ ಜೋಡಿಸಿದೆ. ಮುಂದೆ ಹಳೆಯ ಸೀರೆಯ ಪರದೆ ಕಟ್ಟಿದೆ. ಕೆಲಸದವನು ಪಡಸಾಲೆಯ ನಾಲ್ಕು ಬ್ಯಾಟರಿಗಳನ್ನು ತೋರಿಸಿ, “ಇವು ಒಯ್ಲೇನ್ರಿ ಅಕ್ಕೋರ? ಇವುರಾಗ ಏನೂ ಉಳದಿಲ್ಲ” ಎಂದ.

“ಬ್ಯಾಡಪ. ಅಲ್ಲೇ ಇರಲಿ.”

“ಯಾಕ್ರಿ?”

“ಚಂದ ಕಾಣ್ತಾವ.”

ಅವನು ನನ್ನನ್ನು ಒಂದು ನಮೂನೆ ನೋಡಿ ಹೋದ. ಅಂದಿನಿಂದ ಆ ನಾಲ್ಕು ಹೆಣಗಳಿಗೆ ನಾನು ಸೇವೆ ಮಾಡಿದೆ. ವಾರಕ್ಕೊಮ್ಮೆ ಧೂಳು ಒರೆಸುವುದು, ಯಾವ ವೈರೂ ತೂಗಾಡದಂತೆ ಒಳಗೆ ಸಿಕ್ಕಿಸುವುದು, ಹಬ್ಬಕ್ಕೆ ಹೂವು. ಬೀಗರು ಯಾವಾಗ ಬಂದಾರೋ ಹೇಳಲಾಗದು. ಗಂಡ ಮಂಚದ ಮೇಲಿನಿಂದ ನನ್ನನ್ನು ನೋಡುತ್ತಿದ್ದರು. ಒಮ್ಮೆ ಮಾತ್ರ, “ಗುಡಿ ಕಟ್ಟಿಸು” ಎಂದರು.

ಪಂಚಮಿಗೆ ಮಗಳು ಬಂದಳು. ಹೊಸ್ತಿಲು ದಾಟಿ ಚಪ್ಪಲಿ ಬಿಡುತ್ತಿದ್ದವಳು ಹಾಗೆಯೇ ನಿಂತಳು. ಬ್ಯಾಟರಿಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಕೊನೆಯದರ ಮೂಲೆಗೆ ಬೆರಳಾಡಿಸಿದಳು. ಅಲ್ಲಿ ಪ್ಲಾಸ್ಟಿಕ್ ಕರಗಿ ಒಂದು ಗುಳಿ ಬಿದ್ದಿತ್ತು.

“ಇದು ನಾ ಊದಿನಕಡ್ಡಿ ಹಚ್ಚಿಟ್ಟು ಸುಟ್ಟಿದ್ದು ಅವ್ವ. ದಸರಿ ಪೂಜಿ ದಿನ. ಇವು ನಮ್ಮ ಮನೀವು.”

ನಮ್ಮ ಮನಿ ಎಂದರೆ ಭಾಲ್ಕಿಯ ಮನೆ. ಅವರು ತಮಗೆ ಹೊಸದು ಹಾಕಿಕೊಂಡು ತಮ್ಮ ಮನೆಯ ಕಸವನ್ನು ನನ್ನ ಗಂಡನ ಉಸಿರಿಗೆ ಕಟ್ಟಿದ್ದರು. ನಾನು ಅವಳನ್ನು ಒಳಗೆ ಕರೆದುಕೊಂಡು ಹೋಗಿ ಪರದೆ ಸರಿಸಿ ಹೊಸ ಬ್ಯಾಟರಿ ತೋರಿಸಿದೆ. ಅವಳು ಡಬ್ಬಿಯನ್ನು ಮುಟ್ಟಿ ನೋಡಿದಳು. “ಚಲೋ ಮಾಡಿದಿ” ಎಂದಳು, ಪರದೆಯನ್ನು ತಾನೇ ಸರಿಯಾಗಿ ಎಳೆದಳು. ನನಗೆ ಅಳು ಬಂದದ್ದು ಆ ಎಳೆಯುವಿಕೆಗೆ. ಇಪ್ಪತ್ತೇಳು ವರ್ಷದ ಹುಡುಗಿ, ಮುಚ್ಚಿಡುವುದರಲ್ಲಿ ಎಷ್ಟು ಪಳಗಿದೆ ಕೈ!

ಎಂಟು ದಿನಕ್ಕೆ ಬೀಗರು ಅವಳನ್ನು ಕರೆದೊಯ್ಯಲು ಬಂದರು. ಕಾರಿನಿಂದ ಅವರ ಜತೆ ಇನ್ನೊಬ್ಬರು ಇಳಿದರು. ಬಿಳಿ ಟೋಪಿ, ದಪ್ಪ ಕನ್ನಡಕ, ಕೈಯಲ್ಲಿ ಬಾಳೆಹಣ್ಣಿನ ಪೊಟ್ಟಣ. ಔರಾದಿನಲ್ಲಿ ಕಿರಾಣಿ ಅಂಗಡಿ ಇಟ್ಟವರಂತೆ. ಅವರ ಹೆಂಡತಿಗೂ ಇದೇ ಮಷಿನ್, ಅವರ ಮನೆಯ ಮೇಲೂ ಬ್ಯಾಟರಿಯಿಲ್ಲದ ಸೋಲಾರ್. ಬೀಗರು ಅವರನ್ನು ನಮ್ಮ ಪಡಸಾಲೆಯಲ್ಲಿ ನಿಲ್ಲಿಸಿ, ಮ್ಯೂಸಿಯಂ ತೋರಿಸುವವರಂತೆ ಕೈ ಚಾಚಿದರು.

“ನೋಡ್ರಿ. ಇವ ನಾಲ್ಕು. ನಮ್ಮ ಬೀಗರ ಮಷಿನ್ ಇವುರ ಮ್ಯಾಲೇ ನಡೀಲತ್ತದ. ಕೇಳ್ರಿ ಬೇಕಾರ.”

ಆ ಮನುಷ್ಯರು ಟೋಪಿ ತೆಗೆದು ನನ್ನ ಕಡೆ ತಿರುಗಿದರು. “ಅಕ್ಕೋರ, ನೀವು ಸೈನ್ಸ್ ಕಲಿಸಿದೋರಂತ. ನಮ್ಮಕಿಗಿ ಕರೆಂಟ್ ಹೋದ್ರ ಭಾಳ ತ್ರಾಸ ಆಗ್ತದ್ರಿ. ಇವು ಚಲೋ ಅವೇನ್ರಿ?”

ಮಗಳು ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಇನ್ನು ಅರ್ಧ ತಾಸಿಗೆ ಆ ಕಾರಿನಲ್ಲಿ ಕೂರುವವಳು. ಅವಳು ನನ್ನನ್ನು ನೋಡಲಿಲ್ಲ, ನೆಲ ನೋಡುತ್ತಿದ್ದಳು.

“ಭಾಳ ಚಲೋ ಅವ್ರಿ” ಎಂದೆ.

“ಅಕ್ಕೋರೇ ಅಂದ ಮ್ಯಾಲ ಮುಗೀತು” ಎಂದು ಅವರು ಕೈ ಮುಗಿದರು. ಬಾಳೆಹಣ್ಣನ್ನು ನನ್ನ ಕೈಗಿಟ್ಟರು. ನಾನು ತೆಗೆದುಕೊಂಡೆ! ಎಲ್ಲರೂ ಹೋದಮೇಲೆ ಬಚ್ಚಲಿಗೆ ಹೋಗಿ ವಾಂತಿ ಮಾಡಿದೆ. ಹೊರಗೆ ಬಂದಾಗ ಗಂಡ ಎದ್ದು ಕೂತಿದ್ದರು.

“ಆಕಿಗಿ ಸಿಲಿಂಡರ್... ಅದನೋ ಇಲ್ಲೋ... ಕೇಳಿದೇನು?”

ಕೇಳಿರಲಿಲ್ಲ. ಮರುದಿನದಿಂದ ನಾನು ಬೆಳಗಿನ ಚಹಾ ಕೊಡುವಾಗ ಅವರು ಒಂದೇ ಪ್ರಶ್ನೆ ಕೇಳತೊಡಗಿದರು. “ಔರಾದಕ್ಕ ಯಾವಾಗ ಹೋಗ್ತಿ?” ನಾನು ಮಳೆ ಎಂದೆ, ಬಸ್ಸಿಲ್ಲ ಎಂದೆ, ಶ್ರಾವಣ ಸೋಮವಾರ ಎಂದೆ. ನಿಮ್ಮನ್ನು ಬಿಟ್ಟು ಹೇಗೆ ಹೋಗಲಿ ಎಂದೆ. ಅವೆಲ್ಲ ನೆವ. ನನ್ನ ಕಣ್ಣ ಮುಂದೆ ಇದ್ದದ್ದು ಬುಟ್ಟಿಯಲ್ಲಿ ರೊಟ್ಟಿ ಇಟ್ಟು ಎದ್ದು ಹೋಗುವ ಆ ಜನ. ಹೀಗೆ ಮೂರು ವಾರ ದಾಟಿತು. ಒಂದು ಬೆಳಿಗ್ಗೆ ಗಂಡ ಚಹಾ ಮುಟ್ಟಲಿಲ್ಲ. “ನಾ ಹೋಗ್ತೇನಿ” ಎಂದು ಮೂಗಿನ ನಳಿಕೆ ತೆಗೆದು, ಮಂಚದಿಂದ ಕಾಲಿಳಿಸಿ, ಚಪ್ಪಲಿ ಹುಡುಕತೊಡಗಿದರು. ಬಾಗಿಲವರೆಗೂ ಹೋಗಲಾರದ ಮನುಷ್ಯ. ನಳಿಕೆಯನ್ನು ಮತ್ತೆ ಮೂಗಿಗಿಟ್ಟು, ಪಕ್ಕದ ಮನೆಯಾಕೆಯನ್ನು ಅವರ ಹತ್ತಿರ ಕೂರಿಸಿ, ಹೈಡ್ರೋಮೀಟರನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ.

ಔರಾದಿನಲ್ಲಿ ಅವರ ಅಂಗಡಿ ಸಿಗುವುದು ಕಷ್ಟವಾಗಲಿಲ್ಲ. ಅಂಗಡಿಯ ಹಿಂದೆಯೇ ಮನೆ. ನನ್ನನ್ನು ಕಂಡು ಅವರು ಗಾಬರಿಯಿಂದ ಎದ್ದರು, ಆಮೇಲೆ ಸಂತೋಷದಿಂದ ಒಳಗೆ ಕರೆದರು. ಪಡಸಾಲೆಯಲ್ಲಿ ನಾಲ್ಕು ಬ್ಯಾಟರಿಗಳು ಒಣಗಿದ ಚೆಂಡುಹೂವಿನ ಸರ ಹಾಕಿಕೊಂಡು ಕೂತಿದ್ದವು. ಮಂಚದ ಮೇಲೆ ಅವರ ಹೆಂಡತಿ, ಬಡಕಲು ಹೆಂಗಸು, ಮೂಗಿಗೆ ನಳಿಕೆ. ಒಬ್ಬ ಹುಡುಗಿ ನೀರು ತಂದಿಟ್ಟು ಹೋದಳು, ಇವರ ಮಗಳು. ನಾನು ನೀರು ಕುಡಿಯಲಿಲ್ಲ. ಮೊದಲು ಹೇಳಬೇಕಾದ್ದನ್ನು ಹೇಳಿಬಿಟ್ಟೆ. ನಮ್ಮ ಮನೆಯಲ್ಲಿ ತೋರಿಸಿದ ಬ್ಯಾಟರಿ ಸತ್ತವು, ನನ್ನ ಗಂಡನ ಮಷಿನ್ ನಡೆಯುತ್ತಿರುವುದು ಬೇರೆಯದರ ಮೇಲೆ, ನಾನು ಅವತ್ತು ಸುಳ್ಳು ಹೇಳಿದೆ. ಒಂದೇ ಉಸಿರಿಗೆ ಹೇಳಿ, ಟವೆಲು ಬಿಚ್ಚಿ, ಮುಚ್ಚಳ ತೆಗೆದು ಅಳೆದು ತೋರಿಸಿದೆ. ಇಲ್ಲಿ ನಾಲ್ಕಕ್ಕೆ ನಾಲ್ಕೂ ಸತ್ತಿದ್ದವು.

ಆ ಮನುಷ್ಯರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಬೀಗರಿಗೆ ಬೈಯಲಿ, ನನಗೂ ಬೈಯಲಿ ಎಂದು ಸಿದ್ಧಳಾಗಿ ಬಂದಿದ್ದೆ. ಅವರು ಹೋಗಿ ಬಾಗಿಲು ಮುಂದೆ ಮಾಡಿ ಬಂದರು. ದನಿ ತಗ್ಗಿಸಿದರು.

“ಅಕ್ಕೋರ, ಇದು ಇಲ್ಲಿಗೇ ಬಿಡ್ರಿ. ನೀವು ಬಂದಿದ್ದು ಯಾರಿಗೂ ಹೇಳಬ್ಯಾಡ್ರಿ.”

“ಯಾಕ್ರಿ? ಅವರ ಜೀವಕ್ಕ ಹೆಚ್ಚುಕಮ್ಮಿ ಆದ್ರ?”

“ಬ್ಯಾಟರಿ ಹಚ್ಚಲಿಕ್ಕೆ ಬಂದಾಗ ಅವರು ನಮ್ಮ ಹುಡುಗೀಗಿ ನೋಡ್ಯಾರ್ರಿ. ತಮ್ಮ ಸಣ್ಣ ಮಗನಿಗಿ ಕೇಳ್ಯಾರ. ಹೋದ ಐತವಾರ ಮಾತು ಮುಗದದ. ಈಗ ಅವರು ನಮಗ ಬೀಗರಾಗೋರು. ಬೀಗರ ಮಾಲು ಹ್ಯಾಂಗ ವಾಪಸ್ ಮಾಡ್ಲಿ ಹೇಳ್ರಿ? ನಾ ಸಿಲಿಂಡರ್ ತಂದಿಡ್ತೇನಿ. ಹ್ಯಾಂಗರೆ ನಡಸ್ತೇನಿ.”

ಕನ್ನಡಿಯಲ್ಲಿ ನನ್ನನ್ನೇ ನೋಡಿದ ಹಾಗಾಯಿತು. ಅದೇ ಮೆತ್ತನೆಯ ದನಿ, ಅದೇ ಜೊಲ್ಲು ಸುರಿಸುವ ವಿನಯ. ಆತನ ಮೇಲೆ ಅಸಹ್ಯಪಡಲೂ ನನಗೆ ಯೋಗ್ಯತೆ ಇರಲಿಲ್ಲ. ನಾನು ಮೂರು ವಾರ ಮನೆಯಲ್ಲಿ ಕೂತು ನೆವ ಹೇಳುತ್ತಿದ್ದಾಗ ಇಲ್ಲಿ ಒಂದು ಹುಡುಗಿಯ ಬಾಳು ನಿಶ್ಚಯವಾಗಿತ್ತು, ಅದೂ ನಾನು ಚಲೋ ಎಂದ ಬ್ಯಾಟರಿಯ ನೆಪದಲ್ಲಿ.

ಅಷ್ಟರಲ್ಲಿ ಮಂಚದ ಮೇಲಿನ ಹೆಂಗಸು ಕೈ ಬಡಿದಳು. ಹತ್ತಿರ ಹೋದೆ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ಹಿಡಿತ ಗಟ್ಟಿಯಿತ್ತು.

“ನಿಮ್ಮ ಮಗಳು... ಆ ಮನ್ಯಾಗ... ನಕ್ಕೋತ ಅದಾಳೇನ್ರಿ ಅಕ್ಕೋರ?”

ಅದಾಳ್ರಿ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ನಾನು ಅದನ್ನು ಎಷ್ಟು ಜನರಿಗೆ ಹೇಳಿಲ್ಲ! ಆದರೆ ಆ ಕಣ್ಣು ನೋಡಿಕೊಂಡು ಹೇಳಲಾಗಲಿಲ್ಲ. ಇಲ್ಲ ಎಂದು ತಲೆಯಾಡಿಸಿದೆ. ನಾನು ಆ ಮಾತನ್ನು ಯಾರಿಗಾದರೂ ಒಪ್ಪಿಕೊಂಡದ್ದು ಅದೇ ಮೊದಲು, ಅದೂ ಗುರುತಿಲ್ಲದ ಊರಿನಲ್ಲಿ, ಗುರುತಿಲ್ಲದ ಹೆಂಗಸಿಗೆ. ಅವಳು ನನ್ನ ಕೈ ಬಿಟ್ಟು ಗಂಡನ ಕಡೆ ತಿರುಗಿದಳು.

“ಎರಡೂ ವಾಪಸ್ ಮಾಡ್ರಿ. ಬ್ಯಾಟರಿನೂ. ಸಂಬಂಧನೂ.”

“ಏ, ಮಂದಿ ಏನಂತಾರ? ಮಾತು ಕೊಟ್ಟಾಗ್ಯಾದ.”

“ಮಂದಿ ನನಗೇನು... ಉಸುರು ತುಂಬತಾರೇನ್ರಿ? ನನ್ನ ಉಸುರು ಹೋದ್ರ ಹೋಗಲಿ. ಆಕೀದು ಹೋಗಬಾರದು.” ಇಷ್ಟು ಹೇಳಿ ಕೆಮ್ಮು ಹತ್ತಿ ಒದ್ದಾಡಿದಳು. ಹುಡುಗಿ ಓಡಿ ಬಂದು ಬೆನ್ನು ನೀವಿದಳು. ಆ ಮನುಷ್ಯರು ಟೋಪಿ ಕೈಯಲ್ಲಿ ಹಿಡಿದು ನಿಂತೇ ಇದ್ದರು. ನಾನು ಬೀದರಿನ ಅಂಗಡಿಯ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದು ಮಂಚದ ಮೇಲಿಟ್ಟು ಬಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಭಾಲ್ಕಿಯಲ್ಲಿ ಈಗ ಏನು ನಡೆಯುತ್ತದೆ ಎಂಬುದೊಂದೇ ಯೋಚನೆ.

ಮೂರನೆಯ ದಿನ ಮಧ್ಯಾಹ್ನ ಮಗಳ ಫೋನು ಬಂತು. ಈ ಸಲ ಅವಳು ದನಿ ತಗ್ಗಿಸಿರಲಿಲ್ಲ.

“ಔರಾದಕ್ಕ ಹೋಗಿದ್ದೇನು?”

“ಹೂಂ.”

“ಅವರು ಬ್ಯಾಟರಿ ಟೆಂಪೋದಾಗ ತಂದು ಅಂಗಡಿ ಮುಂದ ಇಳಿಸಿ ಹೋದ್ರು. ಸಂಬಂಧನೂ ಬ್ಯಾಡ ಅಂದ್ರಂತ. ಅಕ್ಕೋರು ಬಂದಿದ್ರು ಅಂತನೂ ಹೇಳ್ಯಾರ.”

“ನಿನಗ ತ್ರಾಸ ಆಯ್ತವ್ವ ನನ್ನಿಂದ” ಎಂದೆ. ಅದನ್ನೇ ಎರಡು ಸಲ ಅಂದೆ.

“ಅದು ಬಿಡು. ಮಾತು ಬಂದ್ ಮಾಡ್ಯಾರ, ಅದೇನು ಹೊಸದಲ್ಲ. ಒಂದು ಕೇಳ್ತೇನಿ, ಖರೇ ಹೇಳು. ನನ್ನ ಮದಿವಿ ಮುಂಚೆ ಹಿಂಗ ಯಾರರೆ ಬಂದು ನಿನಗ ಹೇಳಿದ್ರೇನು?”

ಬಂದಿದ್ದಳು. ಮೆಹಕರದ ಕಡೆಯ ಒಬ್ಬ ಹೆಂಗಸು. ಎರಡು ಬಸ್ಸು ಬದಲಿ ಮಾಡಿ ಬಂದವಳು. ಹಿಂದೆ ಆ ಮನೆಯಲ್ಲಿ ಅಡಿಗೆ ಕೆಲಸಕ್ಕಿದ್ದಳಂತೆ. ಇದೇ ಪಡಸಾಲೆಯ ಅಂಚಿಗೆ ಕೂತು, “ಆ ಮನಿ ಜರಾ ವಿಚಾರ ಮಾಡ್ರಿ ಅಕ್ಕೋರ. ಅಲ್ಲಿ ಹೆಣ್ಣುಮಕ್ಕಳ ಸಂಗಟ ಮಾತಾಡಂಗಿಲ್ಲ” ಎಂದಿದ್ದಳು. ಅವಳ ಸೀರೆ ಹರಿದಿತ್ತು, ಹಿಮ್ಮಡಿ ಒಡೆದಿತ್ತು. ಕೆಲಸ ಬಿಡಿಸಿದ ಹೊಟ್ಟೆಕಿಚ್ಚು ಎಂದುಕೊಂಡೆ. ಮಾತಾಡದಿದ್ದರೆ ಏನಾಯಿತು, ಹೊಡೆಯುವುದಿಲ್ಲವಲ್ಲ ಎಂದೂ ಅಂದುಕೊಂಡೆ. ಗಂಡನಿಗೆ ಹೇಳಲಿಲ್ಲ. ಲಗ್ನಪತ್ರಿಕೆ ಅಚ್ಚಾಗಿತ್ತು.

“ಒಬ್ಬಾಕಿ ಬಂದಿದ್ದಳು” ಎಂದೆ. “ಚಹಾ ಕೊಟ್ಟು ಕಳಿಸಿದೆ.”

ಮಗಳು ಫೋನು ಇಡಲಿಲ್ಲ. ಅವಳು ಬೈಯಲಿ ಎಂದು ಕಾದೆ.

“ಅಪ್ಪಾರ ಮಷಿನ್ ಈಗ ಬರಾಬರ್ ನಡೀತದಲ್ಲ?”

“ನಡೀತದ.”

“ನೀ ಒಂದಿಷ್ಟು ಹೊತ್ತು ಇಲ್ಲಂದ್ರೂ ನಡೀತದಲ್ಲ?”

“ನಡೀತದವ್ವ.”

“ಹಂಗಾದ್ರ ನಾಳಿಗಿ ಬಾ. ನನಗ ಮನಿಗಿ ಒಯ್ಯಿ.”